ಟಾರ್ಚ್ ಬೆಳಕಿನಲ್ಲಿ ಓದಿದ ಪರದೆ

ಲ್ಯಾಪ್‌ಟಾಪ್ ರಿಪೇರಿಗೆ ಹೊಸದಾಗಿ ಇಳಿದ ಹುಡುಗ ಹುಡುಗಿಯರು ಕೆಲವೊಮ್ಮೆ ಪುಟ್ಟೇನಹಳ್ಳಿಯ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. “ಆಂಟಿ, ಆಗೆಲ್ಲ ಸ್ಕ್ರೀನ್ ಒಳಗೆ ಟ್ಯೂಬ್‌ಲೈಟ್ ಇರ್ತಿತ್ತಂತೆ. ಸುಮ್ನೆ ರೀಲು ತಾನೆ?” ಎಂದು ಕೇಳುತ್ತಾರೆ. ರೀಲಲ್ಲ. ಊದುಬತ್ತಿಗಿಂತ ಸಪೂರವಾದ, ಪರದೆಯ ಅಗಲದಷ್ಟೇ ಉದ್ದವಾದ ಒಂದು ಗಾಜಿನ ಕೊಳವೆ ಪರದೆಯ ಕೆಳ ಅಂಚಿನಲ್ಲಿ ಮಲಗಿರುತ್ತಿತ್ತು. ಅಡುಗೆಮನೆಯ ಟ್ಯೂಬ್‌ಲೈಟಿನ ಜಾತಿಯೇ, ಆದರೆ ಕೈಯಲ್ಲಿ ಹಿಡಿದರೆ ಹಿಡಿದಿದ್ದೇವೆ ಎಂದೇ ಅನ್ನಿಸದಷ್ಟು ಹಗುರ. ಸ್ವಲ್ಪ ಬಾಗಿಸಿದರೆ ಮುರಿಯಿತು. ಅದರ ಬೆಳಕು ಪರದೆಯ ಹಿಂದಿನ ಬಿಳಿ ಹಾಳೆಗಳಲ್ಲಿ ಹರಡಿಕೊಂಡು ಮುಂದೆ ಬರುತ್ತಿತ್ತು.

ಇಷ್ಟು ವರ್ಷ ಅದನ್ನು ತೆಗೆದು ಹಾಕಿ ಮಾಡಿದ ಮೇಲೂ ಒಂದು ಸಂಗತಿ ನನಗೆ ಮಾಮೂಲಿ ಅನ್ನಿಸಲೇ ಇಲ್ಲ. ಆ ಪರದೆಗೆ ತನ್ನದೇ ಬೆಳಕಿಲ್ಲ. ಅಕ್ಷರ, ಚಿತ್ರ ಮೂಡುವುದು ಮುಂದಿನ ಗಾಜಿನಲ್ಲಿ. ಅದನ್ನು ನಮಗೆ ತೋರಿಸುವುದು ಹಿಂದಿನ ದೀಪ. ದೀಪ ಹೋದರೆ ಪರದೆ ಕಪ್ಪಾಗುತ್ತದೆ. ಅಕ್ಷರ ಎಲ್ಲಿಗೂ ಹೋಗಿರುವುದಿಲ್ಲ. ಅಲ್ಲೇ ಕತ್ತಲಲ್ಲಿ ತನ್ನ ಪಾಡಿಗೆ ಮೂಡುತ್ತ ಅಳಿಯುತ್ತ ಇರುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟವರು ಸೀತಾರಾಮಯ್ಯನವರು. ಬನಶಂಕರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಅದು ಮುಚ್ಚಿದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂಭಾಗದ ಅಡ್ಡರಸ್ತೆಯಲ್ಲಿದ್ದ ಅವರ ಅಂಗಡಿಗೆ ಕೆಲಸ ಕೇಳಿಕೊಂಡು ಹೋದೆ. ಅವರು ಹೆಸರು ಬಿಟ್ಟು ಬೇರೇನೂ ವಿಚಾರಿಸಲಿಲ್ಲ. ಒಂದು ಕಪ್ಪು ಪರದೆಯ ಲ್ಯಾಪ್‌ಟಾಪನ್ನು ನನ್ನ ಮುಂದೆ ಸರಿಸಿದರು.

“ಇದು ಸತ್ತಿದೆಯೇನಮ್ಮಾ?”

“ಸತ್ತಿದೆ ಸಾರ್.”

“ಮುಖ ನೋಡಿ ಹೇಳ್ಬಿಟ್ಯಲ್ಲ, ಜ್ಯೋತಿಷ್ಯ ಬಲ್ಲವಳ ಹಾಗೆ. ತಗೋ ಟಾರ್ಚು. ನೆಟ್ಟಗೆ ಹಿಡೀಬೇಡ, ಓರೆಯಾಗಿ ಹಿಡಿ.”

ಹಿಡಿದೆ. ಕಪ್ಪಿನೊಳಗಿಂದ ಒಂದು ಮಗುವಿನ ಮುಖ ಮಸುಕಾಗಿ ಮೇಲೆ ಬಂತು. ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತು ನಗುತ್ತಿತ್ತು. ಟಾರ್ಚ್ ಸರಿಸಿದರೆ ಮುಖ ಹೋಗಿ ಕೈ ಕಾಣುತ್ತಿತ್ತು.

“ಕಪ್ಪಾಗಿದ್ದೆಲ್ಲ ಸತ್ತಿರಲ್ಲ ಪದ್ಮಾ. ಟಾರ್ಚ್ ಹಿಡೀದೆ ಯಾರ ಮುಂದೇನೂ ಹೋಯ್ತು ಅನ್ಬೇಡ,” ಎಂದರು. ಅದೇ ನನ್ನ ಇಂಟರ್‌ವ್ಯೂ.

ಸೀತಾರಾಮಯ್ಯನವರು ಎಲ್ಲದರಲ್ಲೂ ಹೀಗೆ ಜಾಣರಾಗಿದ್ದರೆಂದು ಹೇಳಿದರೆ ತಪ್ಪಾಗುತ್ತದೆ. ಅವರು ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಒಣ ಕುಂಕುಮ ಇಟ್ಟುಕೊಂಡು ಅಂಗಡಿಗೆ ಬರುತ್ತಿದ್ದರು. ಒಮ್ಮೆ ಜೆ.ಪಿ. ನಗರದ ಒಬ್ಬ ಬ್ಯಾಂಕ್ ಆಫೀಸರರ ಪರದೆಗೆ ದೀಪ ಬದಲಿಸಿ ಕೊಟ್ಟರು. ಮಾರನೆಯ ದಿನ ಆ ಮನುಷ್ಯ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು.

“ಸ್ವಾಮಿ, ರಿಪೇರಿ ಮಾಡಿ ಅಂದ್ರೆ ಪೂಜೆ ಮಾಡಿ ಕಳಿಸಿದೀರಲ್ಲ. ನೋಡಿ, ಈ ಜಾಗಕ್ಕೆ ಯಾವ ಸೊನ್ನೆ ಬಂದ್ರೂ ಒಳಗೊಂದು ಕೆಂಪು ಬೊಟ್ಟು!”

ಪರದೆಯೊಳಗಿನ ಹಾಳೆಗಳ ನಡುವೆ ಕುಂಕುಮದ ಒಂದು ಕಣ ಸೇರಿಕೊಂಡಿತ್ತು. ದೀಪದ ಬೆಳಕಿಗೆ ಅದು ಕೆಂಪಾಗಿ ಹೊಳೆಯುತ್ತಿತ್ತು. ಬಗ್ಗಿ ಕೆಲಸ ಮಾಡುವಾಗ ಅವರ ಹಣೆಯಿಂದಲೇ ಬಿದ್ದದ್ದು. ಹೊರಗೆ ಬಟ್ಟೆಯಿಂದ ಎಷ್ಟು ಒರೆಸಿದರೂ ಹೋಗುವುದಲ್ಲ. ಮತ್ತೆ ಪೂರ್ತಿ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಪರದೆಯನ್ನು ಮತ್ತೆ ಬಿಚ್ಚುವಾಗ ಗಾಜಿಗೆ ಚಿತ್ರ ತಲುಪಿಸುವ ಅಂಚಿನ ತೆಳು ಪಟ್ಟಿಗಳು ಹರಿದರೆ ಪರದೆಯೇ ಹೋಗುತ್ತದೆ.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬಂತು. ಪರದೆ ಬಿಚ್ಚುವ ಮೊದಲು ನೆಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಫ್ಯಾನ್ ಆರಿಸಬೇಕು. ತಲೆಯಲ್ಲಿ ಹೂವಿರಬಾರದು. ಹಣೆ ತೊಳೆದುಕೊಳ್ಳಬೇಕು. ಬಿಚ್ಚಿದ ಮೇಲೆ ಮುಚ್ಚುವವರೆಗೂ ಮಾತಿಲ್ಲ. ಸೀತಾರಾಮಯ್ಯನವರು ಪ್ರತಿ ಸಲವೂ ಒಳಗಿನಿಂದ, “ಪದ್ಮಾ, ಹಣೆ ಒರೆಸ್ಕೊಂಡ್ಯಾ?” ಎಂದು ಕೂಗುತ್ತಿದ್ದರು. ಒಮ್ಮೆ ಕಾಯುತ್ತಿದ್ದ ಒಬ್ಬ ಹೆಂಗಸು ದಿಗಿಲುಬಿದ್ದು ಎದ್ದೇ ನಿಂತರು.

“ಅಯ್ಯೋ! ಮುತ್ತೈದೆಗೆ ಹಾಗೆಲ್ಲ ಅನ್ಬಾರ್ದು ಸಾರ್!”

“ಮುತ್ತೈದೆತನಕ್ಕೆ ಏನೂ ಆಗಲ್ಲಮ್ಮ, ನಿಮ್ಮ ಸ್ಕ್ರೀನಿಗೆ ಆಗುತ್ತೆ,” ಎಂದರು ಇವರು. ಆಮೇಲೆ ನಾನು ಸ್ಟಿಕ್ಕರ್ ಬಿಂದಿಗೆ ಬದಲಾದೆ. ಅದು ಉದುರುವುದಿಲ್ಲ.

ಇಷ್ಟೆಲ್ಲ ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಹೇಳುವ ಒಂದು ಪರದೆಯ ಸಂಗತಿಯಲ್ಲಿ ಈ ಟಾರ್ಚೂ ಈ ಕುಂಕುಮವೂ ಎರಡೂ ಬರುತ್ತವೆ. ನನ್ನ ಕೆಲಸ ನಿಜವಾಗಿ ಏನು ಎಂಬುದು ನನಗೆ ತಿಳಿದದ್ದು ಅಂದು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಆಟೋದಿಂದ ಒಬ್ಬ ಮಹಿಳೆ ಇಳಿದರು. ತೆರೆದೇ ಇದ್ದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ, ತುಂಬಿದ ಪಾತ್ರೆ ಹಿಡಿದಂತೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ದಪ್ಪನೆಯ ಹಳೆಯ ಯಂತ್ರ. ಪರದೆ ಕಪ್ಪಾಗಿತ್ತು, ಒಳಗಿನ ಫ್ಯಾನ್ ಮಾತ್ರ ತಿರುಗುತ್ತಿತ್ತು.

“ಮೇಡಂ, ದಯವಿಟ್ಟು ಇದನ್ನ ಆಫ್ ಮಾತ್ರ ಮಾಡ್ಬೇಡಿ,” ಎಂದರು. “ಇದರೊಳಗೆ ನಮ್ಮೆಜಮಾನ್ರ ಮಾತಿದೆ.”

ಅವರ ಹೆಸರು ಸುಮಂಗಲಾ. ಮನೆ ಶ್ರೀನಗರದಲ್ಲಿ. ಗಂಡ ಶ್ರೀಧರ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರಿಗೆ ನರಗಳ ಕಾಯಿಲೆ. ಬುದ್ಧಿ, ಕಣ್ಣು, ಕಿವಿ ಎಲ್ಲ ಸರಿ ಇದ್ದು ಮೈ ಮಾತ್ರ ಒಂದೊಂದೇ ಭಾಗವಾಗಿ ನಿಂತುಹೋಗುವಂಥದ್ದು. ಕಾಲು ನಿಂತಿತ್ತು, ಕೈ ನಿಂತಿತ್ತು, ನಾಲಿಗೆ ನಿಂತಿತ್ತು. ಉಳಿದದ್ದು ಬಲಗೈಯ ತೋರುಬೆರಳು, ಅದೂ ಒಂದು ಗುಂಡಿ ಒತ್ತುವಷ್ಟು.

ಆ ಒಂದು ಬೆರಳಿಗಾಗಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಈ ಲ್ಯಾಪ್‌ಟಾಪಿನಲ್ಲಿ ಒಂದು ಏರ್ಪಾಟು ಮಾಡಿಕೊಟ್ಟಿದ್ದ. ಪರದೆಯ ಮೇಲೆ ಕನ್ನಡದ ಅಕ್ಷರಗಳು ಸಾಲಾಗಿ ಇರುತ್ತವೆ. ಹಳದಿ ಚೌಕವೊಂದು ಸಾಲಿನಿಂದ ಸಾಲಿಗೆ ತಾನೇ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಬೆರಳು ಒತ್ತಿದರೆ ಆ ಸಾಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಹೋಗುತ್ತದೆ. ಮತ್ತೆ ಒತ್ತಿದರೆ ಆ ಅಕ್ಷರ ಕೆಳಗೆ ಮೂಡುತ್ತದೆ. ಗುಂಡಿಯ ವೈರನ್ನು ಪ್ರಿಂಟರ್ ಸಿಕ್ಕಿಸುವ ಹಳೆಯ ಕಾಲದ ಜಾಗಕ್ಕೆ ಸೇರಿಸಿದ್ದ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಜಾಗವೇ ಇರುತ್ತಿರಲಿಲ್ಲ. ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ಇವರಿಗೆ ತಿಳಿಯದು. ಹಾಗಾಗಿ ಇನ್ನೊಂದು ಲ್ಯಾಪ್‌ಟಾಪ್ ತಂದು ಮುಂದಿಡುವ ಹಾಗಿರಲಿಲ್ಲ.

“ನಾಳೆ ಬೆಳಿಗ್ಗೆ ಡಾಕ್ಟ್ರು ಮನೆಗೆ ಬರ್ತಾರೆ,” ಎಂದರು ಸುಮಂಗಲಾ. “ಇವರ ಉಸಿರು ಕಮ್ಮಿ ಆಗ್ತಾ ಇದೆ. ಕುತ್ತಿಗೇಲಿ ದಾರಿ ಮಾಡಿ ಮೆಷಿನ್ ಹಾಕ್ಬೇಕಂತೆ. ಬೇಕೋ ಬೇಡ್ವೋ ಅಂತ ಅವರೇ ಹೇಳ್ಬೇಕು, ಈಗ್ಲೇ ಹೇಳ್ಬೇಕು, ಆಮೇಲೆ ಅವಸರದಲ್ಲಿ ಬೇರೆಯವರು ಹೇಳೋ ಹಾಗಾಗ್ಬಾರ್ದು ಅಂದ್ರು. ನಿನ್ನೆ ಬರೆಯೋಕೆ ಶುರು ಮಾಡಿದ್ರು. ಅರ್ಧದಲ್ಲಿ ಸ್ಕ್ರೀನು ಕೆಂಪಗಾಗಿ ಆರಿಹೋಯ್ತು.”

“ಹೌದು, ಇಲ್ಲ ಅಂತ ಕಣ್ಣಲ್ಲಿ ಹೇಳಲ್ವಾ?” ಎಂದು ಕೇಳಿದೆ.

“ಹೇಳ್ತಾರೆ. ಹೌದು ಅಂದ್ರೆ ಒಂದ್ಸಲ ಕಣ್ಣು ಮುಚ್ಚೋದು. ನೀರು ಬೇಕಾ, ದಿಂಬು ಸರಿ ಮಾಡ್ಲಾ, ಎಲ್ಲಾ ಹಾಗೇ. ಇದನ್ನೂ ಕೇಳ್ದೆ ಮೇಡಂ. ಕಣ್ಣೇ ಮುಚ್ಚಲಿಲ್ಲ. ಬಿಟ್ಟ ಕಣ್ಣು ಬಿಟ್ಟ ಹಾಗೆ ನನ್ನೇ ನೋಡಿದ್ರು, ನೀರು ಬರೋವರ್ಗೂ. ಹೌದು ಇಲ್ಲ ಅನ್ನೋದ್ರಲ್ಲಿ ಮುಗಿಯೋ ಮಾತಲ್ಲ ಅಂತ ಅರ್ಥ ಆಯ್ತು.”

ನಾನು ಟಾರ್ಚ್ ತೆಗೆದೆ. ಪರದೆಯ ಕೆಳಭಾಗಕ್ಕೆ ಓರೆಯಾಗಿ ಹಿಡಿದೆ. ಅಕ್ಷರಗಳು ಒಂದೊಂದಾಗಿ ಬೆಳಕಿಗೆ ಬಂದವು. ‘ಆಪರೇಷನ್ ವಿಷಯ. ನಾನು ಯೋಚನೆ ಮಾಡಿದ್ದು’. ಅಷ್ಟಕ್ಕೇ ನಿಂತಿತ್ತು. ಮೇಲೆ ಹಳದಿ ಚೌಕ ಕತ್ತಲಲ್ಲೇ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಒತ್ತುವ ಬೆರಳಿಗಾಗಿ ಕಾಯುತ್ತಿದ್ದ ಹಾಗೆ.

ಸುಮಂಗಲಾ ನನ್ನ ಭುಜದ ಪಕ್ಕದಿಂದ ಬಗ್ಗಿ ನೋಡಿದರು. “ಅಯ್ಯೋ, ಇಲ್ಲೇ ಇದೆ,” ಎಂದರು. “ರಾತ್ರಿಯೆಲ್ಲ ಇಲ್ಲೇ ಇತ್ತಾ?” ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದೊಂದು ಅಕ್ಷರದ ಮೇಲೂ ನಿಲ್ಲಿಸಿ, ಗಂಡನ ಮಾತನ್ನು ಮತ್ತೆ ಓದಿದರು. ನಾನು ಅದನ್ನು ನೋಡಬಾರದು ಅನ್ನಿಸಿತು. ಬೇರೆ ಕಡೆ ತಿರುಗಿಕೊಂಡೆ.

ಟಾರ್ಚ್ ಬೆಳಕಿನಲ್ಲೇ ಹುಡುಕಿ ಆ ಬರಹವನ್ನು ಉಳಿಸಿ, ಆಮೇಲೆ ಯಂತ್ರ ಆರಿಸಿದೆ. ಸೀತಾರಾಮಯ್ಯನವರು ಅಷ್ಟರಲ್ಲಿ ಬಂದಿದ್ದರು. ನಿಂತಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ಹೊರಗಿನ ಮಾನಿಟರ್ ಸಿಕ್ಕಿಸುವ ಜಾಗವನ್ನು ಪರೀಕ್ಷಿಸಿದರು. ಎಂದೋ ಬಿದ್ದು ಪೆಟ್ಟಾಗಿ ಅದು ಕೆಟ್ಟಿತ್ತು. ಎಸ್.ಪಿ. ರಸ್ತೆಯ ವ್ಯಾಪಾರಿಗಳಿಗೆ ಫೋನ್ ಮಾಡಿದರು. ಅಂಥ ಪರದೆ ಈಗ ಬರುವುದಿಲ್ಲ, ತರಿಸಿದರೂ ವಾರದ ಮೇಲಾಗುತ್ತದೆ ಎಂದರು. ಬರೀ ದೀಪ ಆ ಅಳತೆಯದು ಯಾರಲ್ಲೂ ಇರಲಿಲ್ಲ.

ನಮ್ಮಲ್ಲಿ ಒಂದಿತ್ತು. ಮಳೆ ನೀರು ಹೊಕ್ಕು ಕೆಟ್ಟ ಇನ್ನೊಂದು ಲ್ಯಾಪ್‌ಟಾಪಿನ ಪರದೆಯಲ್ಲಿ. ಆದರೆ ಸೀತಾರಾಮಯ್ಯನವರು ಬಳಸಿದ ದೀಪವನ್ನು ಗಿರಾಕಿಗೆ ಹಾಕುವವರಲ್ಲ.

“ಯಾರ ಮನೇಲಿ ಎಷ್ಟು ಉರಿದಿದೆಯೋ ಗೊತ್ತಿಲ್ಲದ ದೀಪ ಅದು ಪದ್ಮಾ. ಈ ಕೆಲಸಕ್ಕೆ ಹಾಕೋದಾ?”

“ನೋಡೋಣ ಸಾರ್. ತುದಿ ನೋಡೋಣ.”

ಈ ದೀಪಗಳ ವಯಸ್ಸು ತುದಿಯಲ್ಲಿ ತಿಳಿಯುತ್ತಿತ್ತು. ಉರಿದಷ್ಟೂ ತುದಿಯ ಗಾಜು ಒಳಗಿನಿಂದ ಕಪ್ಪಾಗುತ್ತ ಬರುತ್ತದೆ. ಕೆಟ್ಟ ಪರದೆಯಿಂದ ಕೊಳವೆಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ತುದಿಗಳು ತಿಳಿಯಾಗಿದ್ದವು. ಸೀತಾರಾಮಯ್ಯನವರು ಕನ್ನಡಕ ಏರಿಸಿ, ಇಳಿಸಿ, ಎರಡು ಬಗೆಯಲ್ಲೂ ನೋಡಿದರು. ಸುಮಂಗಲಾ ಅವರ ಕಡೆ ತಿರುಗಿ, “ಇದು ಬಳಸಿದ್ದಮ್ಮ. ಚೆನ್ನಾಗಿದೆ ಅಂತ ಕಾಣುತ್ತೆ. ಇಷ್ಟೇ ದಿನ ಅಂತ ನಾನು ಹೇಳಲಾರೆ,” ಎಂದರು.

“ಯಾರು ಹೇಳ್ತಾರೆ ಸಾರ್,” ಎಂದರು ಅವರು. “ಹಾಕಿ.”

“ಹಣೆ ತೊಳ್ಕೋ ಪದ್ಮಾ,” ಎಂದರು ಸೀತಾರಾಮಯ್ಯನವರು. ನನ್ನದು ಸ್ಟಿಕ್ಕರ್ ಎಂದು ಅವರಿಗೆ ಗೊತ್ತಿತ್ತು. ಆದರೂ ತೊಳೆದುಕೊಂಡೆ.

ನೆಲ ಒರೆಸಿ, ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ ಕೂತೆ. ಪರದೆಯ ಚೌಕಟ್ಟು ತೆಗೆದು, ಅಂಚಿನ ತಗಡು ಬಿಡಿಸಿ, ದೀಪ ಕೂತಿದ್ದ ತಗಡಿನ ಕಾಲುವೆಯನ್ನು ಮೆಲ್ಲಗೆ ಹೊರಗೆಳೆದೆ. ಹಳೆಯ ದೀಪದ ಎರಡೂ ತುದಿ ಕಾಡಿಗೆಯಂತೆ ಕಪ್ಪಾಗಿದ್ದವು. ಅಷ್ಟು ಕಪ್ಪಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ಕೈ ತಡೆದದ್ದು ಬೇರೆ ಕಾರಣಕ್ಕೆ. ಕಾಲುವೆಯ ಉದ್ದಕ್ಕೂ ಕೆಂಪು ಪುಡಿ ಕೂತಿತ್ತು.

ಮಾತಾಡಬಾರದೆಂಬ ಪದ್ಧತಿ ಮರೆತು ಕೇಳಿದೆ, “ಇದಕ್ಕೆ ಮನೇಲಿ ಪೂಜೆ ಮಾಡ್ತೀರಾ?”

“ನಮ್ಮತ್ತೆ,” ಎಂದರು ಸುಮಂಗಲಾ. “ದಿನಾ ಸ್ನಾನ ಆದ್ಮೇಲೆ ಸ್ಕ್ರೀನಿನ ಕೆಳಗಡೆ ಕುಂಕುಮ ಇಟ್ಟು ಕೈ ಮುಗೀತಾರೆ. ಮಗ ಮತ್ತೆ ಅಮ್ಮ ಅಂದಿದ್ದು ಇದ್ರಲ್ಲಿ ತಾನೆ. ಅವತ್ತಿಂದ ಇದನ್ನ ಒಂದು ದಿನಾನೂ ಆರಿಸೋಕೆ ಬಿಟ್ಟಿಲ್ಲ ಅವರು. ಹಗಲೂ ರಾತ್ರಿ ಉರೀತಾನೇ ಇರುತ್ತೆ, ದೇವರ ಮುಂದಿನ ನಂದಾದೀಪದ ಹಾಗೆ.”

ಆ ಕಪ್ಪು ತುದಿಗಳಿಗೆ ಕಾರಣ ಸಿಕ್ಕಿತು. ದೀಪ ಕೆಟ್ಟಿರಲಿಲ್ಲ, ತನ್ನ ಆಯುಸ್ಸು ಪೂರ್ತಿ ಉರಿದು ಮುಗಿಸಿತ್ತು. ಸೀತಾರಾಮಯ್ಯನವರು ನನ್ನ ಮುಖ ನೋಡಿದರು.

ಮೆತ್ತನೆಯ ಕುಂಚದಿಂದ ಕುಂಕುಮ ತೆಗೆದೆ. ಹಾಕಬೇಕಾದ ದೀಪದ ತುದಿಗೆ ವೈರು ಬೆಸೆಯಬೇಕಿತ್ತು. ಬೆಸುಗೆಯ ಬಿಸಿ ಒಂದು ಕ್ಷಣ ಹೆಚ್ಚಾದರೆ ಗಾಜಿನ ಬಾಯಿ ಸೀಳುತ್ತದೆ, ಕಡಿಮೆಯಾದರೆ ವೈರು ಹಿಡಿಯುವುದಿಲ್ಲ. ಎಷ್ಟೋ ಸಲ ಮಾಡಿದ ಕೆಲಸ. ಆದರೂ ಅಂದು ಮಣಿಕಟ್ಟನ್ನು ಮೇಜಿಗೆ ಒತ್ತಿಕೊಂಡು ಮಾಡಿದೆ. ರಬ್ಬರ್ ತೊಡಿಸಿ, ಕಾಲುವೆಯಲ್ಲಿ ಕೂರಿಸಿ, ಎಲ್ಲ ಮೊದಲಿನಂತೆ ಸೇರಿಸಿ ಗುಂಡಿ ಒತ್ತಿದೆ.

ಮೊದಲು ಅಂಚಿನಲ್ಲಿ ಬೆಳಗಿನ ಆಕಾಶದಂಥ ನಸುಗೆಂಪು. ಅದು ಮೇಲಕ್ಕೆ ಹರಡುತ್ತ ಬೆಳ್ಳಗಾಯಿತು. ಪರದೆ ತುಂಬಿತು. ಉಳಿಸಿಟ್ಟ ಬರಹ ತೆರೆದೆ. ಟಾರ್ಚಿಲ್ಲದೆ ಕಾಣಿಸಿತು. ಸುಮಂಗಲಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಕೆಳಗಿನ ಎಡಮೂಲೆಯಲ್ಲಿ ಒಂದು ಕೆಂಪು ಚುಕ್ಕಿ ಇತ್ತು. ಎಷ್ಟು ಜಾಗ್ರತೆ ಮಾಡಿದರೂ ಒಂದು ಕಣ ಹಾಳೆಗಳ ನಡುವೆ ಹೋಗಿತ್ತು.

“ಬಿಚ್ಚಲಾ ಸಾರ್?”

“ಬೇಡ. ಹಳೇ ಪರದೆ. ಮತ್ತೆ ಬಿಚ್ಚಿ ಪಟ್ಟಿ ಹರಿದ್ರೆ ನಾಳೆ ಬೆಳಿಗ್ಗೆಗೆ ಏನೂ ಇರಲ್ಲ. ಮೊದಲು ಅವರ ಮಾತು ಮುಗೀಲಿ, ಆಮೇಲೆ ಅವರನ್ನೇ ಕೇಳು. ನೀನೂ ಹೋಗು ಜೊತೇಲಿ.”

ಆಟೋದಲ್ಲಿ ಸುಮಂಗಲಾ ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಸೌತ್ ಎಂಡ್ ದಾಟಿ ಹನುಮಂತನಗರ ಹತ್ತುವಾಗ ರಸ್ತೆಯ ಪ್ರತಿ ಉಬ್ಬಿಗೂ ಅದನ್ನು ಎತ್ತಿ ಹಿಡಿಯುತ್ತಿದ್ದರು. “ಅಣ್ಣಾ, ಸ್ವಲ್ಪ ನಿಧಾನ,” ಎಂದರು. ಚಾಲಕ ಹಿಂದೆ ತಿರುಗಿ ನೋಡಿ, “ಒಳಗೆ ಮೊಟ್ಟೆ ಇದೆಯೇನಕ್ಕ?” ಎಂದ. ಆದರೂ ನಿಧಾನ ಮಾಡಿದ.

ಮನೆಯ ಮುಂದಿನ ಕೋಣೆಯಲ್ಲಿ ಮಂಚ. ಮಂಚಕ್ಕೆ ಕಬ್ಬಿಣದ ಒಂದು ತೋಳು ಜೋಡಿಸಿ, ಮಲಗಿದವರ ಮುಖದ ಎದುರಿಗೆ ಲ್ಯಾಪ್‌ಟಾಪ್ ನಿಲ್ಲುವಂತೆ ಮಾಡಿದ್ದರು. ಶ್ರೀಧರ್ ಅವರ ಕಣ್ಣು ಬಾಗಿಲಿನ ಕಡೆಗೇ ಇತ್ತು. ಅಷ್ಟು ಜೀವವಿದ್ದ ಕಣ್ಣುಗಳನ್ನು ನಾನು ಅದಕ್ಕೆ ಮೊದಲು ಗಮನಿಸಿ ನೋಡಿರಲಿಲ್ಲ. ಮಂಚದ ತಲೆಯ ಹತ್ತಿರ ಅವರ ತಾಯಿ ಗೋಡೆಗೆ ಒರಗಿ ನಿಂತಿದ್ದರು, ಬಿಳಿ ಕೂದಲಿನ ಸಣ್ಣ ಅಜ್ಜಿ.

“ನೀನೇನಮ್ಮಾ ರಿಪೇರಿ ಮಾಡ್ದೋಳು?” ಎಂದರು. “ನಿಜ ಹೇಳು. ನನ್ನ ಕುಂಕುಮದಿಂದ ಹೋಯ್ತಾ ಅದು?”

“ಇಲ್ಲ ಅಜ್ಜಿ. ಕುಂಕುಮದಿಂದ ಅಲ್ಲ. ದೀಪ ಉರಿದು ಉರಿದು ಮುಗಿದಿತ್ತು.”

ಅಜ್ಜಿ ಲ್ಯಾಪ್‌ಟಾಪಿನ ಕಡೆ ನೋಡಿದರು. “ಆರಿಸ್ಬೇಡಿ ಅಂದವಳೂ ನಾನೇ,” ಎಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪನ್ನು ತೋಳಿಗೆ ಸೇರಿಸಿ ವೈರು ಸಿಕ್ಕಿಸಿದೆ. ಸುಮಂಗಲಾ ಗಂಡನ ಬೆರಳಿನಡಿ ಗುಂಡಿ ಇಟ್ಟು, ಕೆಳಗೆ ಮಡಚಿದ ಬಟ್ಟೆ ಕೊಟ್ಟರು. ಪರದೆ ಹತ್ತಿತು. ಅವರ ಮುಖದ ಮೇಲೆ ಬೆಳಕು ಬಿತ್ತು.

ಹಳದಿ ಚೌಕ ಇಳಿಯತೊಡಗಿತು. ಬೆರಳು ಅಲುಗಿದ್ದು ನನಗೆ ಕಾಣಲೇ ಇಲ್ಲ. ಗುಂಡಿಯ ‘ಟಕ್’ ಎಂಬ ಸದ್ದಷ್ಟೇ ಕೇಳಿಸಿತು. ಒಂದು ಅಕ್ಷರ. ಮತ್ತೆ ಕಾಯುವುದು. ಇನ್ನೊಂದು. ಬಹಳ ಹೊತ್ತಿನ ಮೇಲೆ ಮೊದಲ ಮಾತು ಮೂಡಿತು: ‘ಕರೆಂಟ್ ಬಂತು’.

ಸುಮಂಗಲಾ ಬಿಕ್ಕುತ್ತಲೇ ನಕ್ಕರು. “ನೋಡಿ ಮೇಡಂ, ಇಡೀ ರಾತ್ರಿ ನಮ್ಮ ಪ್ರಾಣ ತಿಂದು ಈಗ ತಮಾಷೆ!”

ಆಮೇಲೆ ಅವರು ನಿಂತ ಮಾತಿಗೆ ಹೋದರು. ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಅವರು ಬರೆಯುವಾಗ ಮುಂದಿನ ಪದವನ್ನು ಯಾರೂ ಊಹಿಸಿ ಹೇಳಬಾರದು. ನನಗದು ತಿಳಿದಿರಲಿಲ್ಲ. ‘ಮಾ’ ಎಂದು ಮೂಡಿದಾಗ “ಮಾಡ್ಸೋದಾ?” ಎಂದು ಬಾಯಿ ತೆರೆದೆ. ಅಜ್ಜಿ ನನ್ನ ಕೈ ಹಿಡಿದು ತುಟಿಯ ಮೇಲೆ ಬೆರಳಿಟ್ಟರು. “ಅವನ ಮಾತು ಅವನೇ ಮುಗಿಸ್ಲಿ,” ಎಂದು ಕಿವಿಯಲ್ಲಿ ಹೇಳಿದರು.

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಒಳಗೆ ಚೌಕ ಇಳಿಯುವುದು, ‘ಟಕ್’, ಮತ್ತೆ ಚೌಕ ಇಳಿಯುವುದು. ನಡುವೆ ಅವರ ಉಸಿರು, ಎಳೆದು ತಂದಂಥದ್ದು. ಒಂದು ತಪ್ಪು ಅಕ್ಷರ ಬಿದ್ದರೆ ಅಳಿಸಿ ಮತ್ತೆ ಬರೆಯುತ್ತಿದ್ದರು, ಹಾಗೇ ಬಿಡುತ್ತಿರಲಿಲ್ಲ. ಗಣಿತದ ಮೇಷ್ಟ್ರು. ನಾನು ನನ್ನ ಜೀವನದಲ್ಲಿ ಆಡಿದ ಮಾತುಗಳೆಲ್ಲ ಎಷ್ಟು ಅಗ್ಗದವು ಅನ್ನಿಸುತ್ತಿತ್ತು. ಒಬ್ಬ ಮನುಷ್ಯ ಒಂದು ವಾಕ್ಯವನ್ನು ಕಟ್ಟುತ್ತಿರುವುದನ್ನು, ಕಲ್ಲಿನ ಮೇಲೆ ಕಲ್ಲಿಟ್ಟಂತೆ ಕಟ್ಟುತ್ತಿರುವುದನ್ನು, ನಾನು ಅಂದೇ ನೋಡಿದ್ದು.

ಪೂರ್ತಿಯಾದ ಮೇಲೆ ಅದು ಹೀಗಿತ್ತು:

‘ಆಪರೇಷನ್ ವಿಷಯ. ನಾನು ಯೋಚನೆ ಮಾಡಿದ್ದು. ಮಾಡಿಸಿ. ಇನ್ನೂ ಮಾತಾಡುವುದಿದೆ. ಆದರೆ ಮಾತು ನಿಂತ ಮೇಲೆ ಉಸಿರಿಗೆ ಬಲವಂತ ಬೇಡ. ಸುಮಾ ಒಪ್ಪಬೇಕು. ಅಮ್ಮ ಒಪ್ಪಬೇಕು.’

ಸುಮಂಗಲಾ ಅದನ್ನು ಗಟ್ಟಿಯಾಗಿ, ತಡವರಿಸದೆ ಓದಿದರು. ಆಮೇಲೆ ಗಂಡನ ಮುಖದ ಹತ್ತಿರ ಬಗ್ಗಿ ಒಂದು ಸಲ ಕಣ್ಣು ಮುಚ್ಚಿ ತೆರೆದರು. ಅವರ ಮನೆಯಲ್ಲಿ ಅದರರ್ಥ ಹೌದು. ಅಜ್ಜಿ ಗೋಡೆಯ ಹತ್ತಿರವೇ ನಿಂತಿದ್ದರು. ಶ್ರೀಧರ್ ಕಾಯುತ್ತಿದ್ದರು. ಕೊನೆಗೆ ಅಜ್ಜಿಯೂ ಬಂದು, ಮಗನ ಕಣ್ಣಿನಲ್ಲಿ ಕಣ್ಣಿಟ್ಟು, ತಮ್ಮ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ‘ಮಾತು ನಿಂತ ಮೇಲೆ’ ಎಂದಿದ್ದರು ಅವರು. ಮಾತು ಆ ಪರದೆಯಲ್ಲಿತ್ತು. ಪರದೆ ಆ ದೀಪದಲ್ಲಿತ್ತು. ದೀಪ ನೀರು ಹೊಕ್ಕ ಇನ್ಯಾರದೋ ಲ್ಯಾಪ್‌ಟಾಪಿನದು. ಹೇಳದೆ ಹೋಗುವುದು ಸರಿಯಲ್ಲ ಅನ್ನಿಸಿತು.

“ಸಾರ್, ನಾನು ಹಾಕಿರೋ ದೀಪ ಹೊಸದಲ್ಲ. ಸೆಕೆಂಡ್ ಹ್ಯಾಂಡು.”

ಬೆರಳು ಕೆಲಸ ಶುರು ಮಾಡಿತು. ಮೂವರೂ ಕಾದೆವು. ‘ನಾನೂ ಅಷ್ಟೇ’.

ಈ ಸಲ ಅಜ್ಜಿಗೂ ನಗು ಬಂತು. ಆ ಧೈರ್ಯದಲ್ಲಿ ನಾನು ಕೆಂಪು ಚುಕ್ಕಿಯ ವಿಷಯ ಹೇಳಿದೆ. ಡಾಕ್ಟರು ಬಂದು ಹೋದ ಮೇಲೆ, ಒಂದು ದಿನ ಬಿಡುವು ಮಾಡಿಕೊಟ್ಟರೆ ಮತ್ತೆ ಬಿಚ್ಚಿ ತೆಗೆಯುತ್ತೇನೆ ಎಂದೆ. ಅಜ್ಜಿಯ ಮುಖ ಸಣ್ಣದಾಯಿತು. “ಅದೂ ನಂದೇನಾ?” ಎಂದರು.

ಶ್ರೀಧರ್ ಬರೆದರು: ‘ಬೇಡ. ಇರಲಿ. ಅದು ಅಮ್ಮಂದು.’ ನಿಲ್ಲಿಸಲಿಲ್ಲ, ಮುಂದೆ ಬರೆದರು: ‘ರಾತ್ರಿ ಆರಿಸು ಅಮ್ಮ. ನಾನೂ ಬಾಯಿ ಮುಚ್ಚಬೇಕಲ್ಲ’.

ಆಪರೇಷನ್ ಆಯಿತು. ರಾತ್ರಿ ಪರದೆ ಆರಿಸಿ ಅಜ್ಜಿ ಆ ಕೋಣೆಯಲ್ಲಿ ಒಂದು ಎಣ್ಣೆಯ ದೀಪ ಹಚ್ಚತೊಡಗಿದರೆಂದು ಸುಮಂಗಲಾ ಫೋನಿನಲ್ಲಿ ಹೇಳಿದರು. ಆ ಮನೆಯ ನಂಬರು ಕಂಡಾಗಲೆಲ್ಲ ದೀಪ ಹೋಯಿತೇನೋ ಎಂದುಕೊಂಡೇ ಫೋನ್ ಎತ್ತುತ್ತಿದ್ದೆ. ಅವರು ಫೋನ್ ಮಾಡುತ್ತಿದ್ದುದು ಹೆಚ್ಚಾಗಿ ಹಬ್ಬಕ್ಕೆ ಕರೆಯಲು, ಇಲ್ಲವೇ ಮೇಷ್ಟ್ರು ಬರೆದ ಯಾವುದೋ ತಮಾಷೆ ಹೇಳಲು. ಆದರೂ ಅಂದಿನಿಂದ ಯಾವ ಕೆಟ್ಟ ಪರದೆ ಬಂದರೂ ನಾನು ಮೊದಲು ಅಳೆಯುತ್ತಿದ್ದದ್ದು ದೀಪದ ಉದ್ದ. ಅದೇ ಅಳತೆಯದ್ದಾದರೆ ಬಿಡಿಸಿ, ತುದಿ ನೋಡಿ, ತಿಳಿಯಾಗಿದ್ದರೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡುತ್ತಿದ್ದೆ. ಸೀತಾರಾಮಯ್ಯನವರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಒಂದು ದಿನ ಡಬ್ಬಿ ತೆರೆದಾಗ ನಾನು ಇಡದ ಒಂದು ದೀಪ ಅದರಲ್ಲಿತ್ತು.

ಆಮೇಲೆ ಎಲ್ಲ ಬದಲಾಯಿತು. ಕೊಳವೆಯ ಜಾಗಕ್ಕೆ ಸಾಸಿವೆಯಂಥ ಎಲ್‌ಇಡಿಗಳ ಪಟ್ಟಿ ಬಂತು. ಪರದೆ ತೆಳ್ಳಗಾಯಿತು. ಈಗ ಕೆಟ್ಟರೆ ಯಾರೂ ಬಿಚ್ಚುವುದಿಲ್ಲ. ಇಡೀ ಪರದೆ ಎಸೆದು ಇನ್ನೊಂದು ಹಾಕುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಬೇಗ ಆಗುತ್ತದೆ, ಕುಂಕುಮ ಬೀಳುವ ಭಯವಿಲ್ಲ. ಸೀತಾರಾಮಯ್ಯನವರು ಅಂಗಡಿ ಮುಚ್ಚಿದರು. ನಾನು ಟಾರ್ಚನ್ನೂ ಆ ಡಬ್ಬಿಯನ್ನೂ ಮನೆಗೆ ತಂದೆ.

ಡಬ್ಬಿಯ ದೀಪಗಳು ಬೇಕಾಗಲಿಲ್ಲ. ಶ್ರೀಧರ್ ಅವರ ಪರದೆ ಕೈಕೊಡಲಿಲ್ಲ. ಅಜ್ಜಿ ಮೊದಲು ಹೋದರು. ಆಮೇಲೆ ಶ್ರೀಧರ್ ಅವರ ಬೆರಳು ನಿಂತಿತು. ಕೊನೆಯ ದಿನಗಳಲ್ಲಿ ಒಂದು ಅಕ್ಷರಕ್ಕೆ ಒಂದು ಹೊತ್ತು ಹಿಡಿಯುತ್ತಿತ್ತಂತೆ. ಮುಂದೆ ಜ್ವರ ಬಂದಾಗ ಸುಮಂಗಲಾ ಅವರು ‘ಬಲವಂತ ಬೇಡ’ ಎಂಬ ಆ ವಾಕ್ಯವನ್ನು ಡಾಕ್ಟರಿಗೆ ಮತ್ತೊಮ್ಮೆ ಓದಿ ಹೇಳಿದರು. ಆಸ್ಪತ್ರೆಗೆ ಸಾಗಿಸಲಿಲ್ಲ. ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ಸುಮಂಗಲಾ ಪಕ್ಕದಲ್ಲಿದ್ದಾಗ ಹೋದರು.

ಕೆಲವು ತಿಂಗಳ ಮೇಲೆ ಸುಮಂಗಲಾ ಆ ಲ್ಯಾಪ್‌ಟಾಪ್ ಹಿಡಿದುಕೊಂಡು ಪುಟ್ಟೇನಹಳ್ಳಿಗೆ ಬಂದರು. “ಇನ್ಯಾರಿಗಾದ್ರೂ ಬೇಕಾಗ್ಬೋದು ಪದ್ಮಾ ಅವರೆ. ಹತ್ತುತ್ತಾ ನೋಡಿ,” ಎಂದರು.

ಹತ್ತಿತು. ಮೊದಲು ನಸುಗೆಂಪು, ಆಮೇಲೆ ಬಿಳಿ. ಅಕ್ಷರದ ಸಾಲುಗಳು ಬಂದವು. ಹಳದಿ ಚೌಕ ತಾನೇ ಇಳಿಯತೊಡಗಿತು. ಇಬ್ಬರೂ ನೋಡುತ್ತ ಕೂತೆವು. ನನಗೆ ಅವರ ಮುಖ ನೋಡಲಾಗದೆ, “ಆರಿಸ್ಲಾ?” ಎಂದೆ.

“ಇರಿ. ಒಂದು ಸುತ್ತು ಪೂರ್ತಿ ಆಗ್ಲಿ.”

ಚೌಕ ಎಲ್ಲ ಸಾಲುಗಳನ್ನೂ ಇಳಿದು, ಯಾರೂ ಒತ್ತದೆ, ಮತ್ತೆ ಮೊದಲ ಸಾಲಿಗೆ ಹೋಯಿತು. ಸುಮಂಗಲಾ ಕೈ ಚಾಚಿ ತಾವೇ ಆರಿಸಿದರು. ಯಂತ್ರದ ಫ್ಯಾನೂ ನಿಂತಿತು.

ನಾನು ಟಾರ್ಚ್ ತೆಗೆದೆ. ಇಷ್ಟು ವರ್ಷದ ಅಭ್ಯಾಸ. ಕಪ್ಪು ಪರದೆಗೆ ಓರೆಯಾಗಿ ಹಿಡಿದೆ. ಸುಮಂಗಲಾ ಪಕ್ಕದಿಂದ ಬಗ್ಗಿದರು, ಅಂದು ಬಗ್ಗಿದ್ದ ಹಾಗೆಯೇ. ಅಕ್ಷರ ಒಂದೂ ಇರಲಿಲ್ಲ. ಬೆಳಕನ್ನು ಮೆಲ್ಲಗೆ ಕೆಳಗಿನ ಎಡಮೂಲೆಗೆ ಸರಿಸಿದೆ. ಬೂದುಬಣ್ಣದ ಗಾಜಿನ ಹಿಂದೆ ಅಜ್ಜಿಯ ಕುಂಕುಮ ಇತ್ತು.